ದೊಡ್ಡಪ್ಪ ತೋರಿಸಿದ ಬಸ್ಸು

ನಿಂಬೆಹಣ್ಣಿನ ಸಿಪ್ಪೆಯನ್ನು ಉಗುರಿನಿಂದ ಗೀರಿದರೆ ಬರುತ್ತದಲ್ಲ, ಆ ವಾಸನೆ ನನಗೆ ಆಗಿಬರುವುದಿಲ್ಲ. ಮೊನ್ನೆ ತವರಿಗೆ ಹೊರಟಾಗ ಕಾರಿನಲ್ಲಿ ನಮ್ಮತ್ತೆ ಒಂದು ನಿಂಬೆಹಣ್ಣು ತೆಗೆದು ಮೂಗಿಗೆ ಹಿಡಿದುಕೊಂಡರು. ಅಷ್ಟೇ ಸಾಕಾಯಿತು. ದಾವಣಗೆರೆಯ ಎದುರು ಮನೆ ದೊಡ್ಡಪ್ಪ ಪಕ್ಕದಲ್ಲೇ ಬಂದು ಕೂತ ಹಾಗಾಯಿತು.

ದೊಡ್ಡಪ್ಪ ಎಂದರೆ ರಕ್ತಸಂಬಂಧವೇನಲ್ಲ. ಎಸ್.ಎಸ್. ಬಡಾವಣೆಯಲ್ಲಿ ನಮ್ಮದು, ಅವರದು ಎದುರುಬದುರು ಮನೆ. ಮಲೆಬೆನ್ನೂರು ಕಡೆ ಭತ್ತದ ದಲಾಲಿ ಮಾಡಿಕೊಂಡಿದ್ದರು. ನಮ್ಮ ಬೀದಿಯ ಯಾವ ಹುಡುಗಿಗೆ ಸಂಬಂಧ ಬಂದರೂ ಗಂಡಿನ ಮನೆ ನೋಡಲು ಇವರು ಹೋಗಲೇಬೇಕು, ಯಾರಾದರೂ ಕರೆಯಲಿ ಬಿಡಲಿ. ಅದೂ ಎಂಥವರು? ಗಾಡಿ ಹತ್ತಿದರೆ ವಾಂತಿ ಮಾಡಿಕೊಳ್ಳುವವರು! ಹರಿಹರದ ಹೊಳೆ ದಾಟುವ ಮೊದಲೇ ಗಾಡಿ ನಿಲ್ಲಿಸಬೇಕು. ಆದರೂ ಮನೆಯಲ್ಲಿ ಇರುವವರಲ್ಲ.

ನನಗೆ ಸಂಬಂಧ ಬಂದದ್ದು ದೂರದ ಉತ್ತರದಿಂದ, ಮಹಾರಾಷ್ಟ್ರದ ಗಡಿ ಹತ್ತಿರದ ಒಂದು ಚಿಕ್ಕ ಊರಿನಿಂದ. ಹುಡುಗ ಅಲ್ಲಿ ದನದ ಡಾಕ್ಟರು. ಬಂದು ನೋಡಿ ಹೋಗಿದ್ದರು, ನನಗೂ ಮನಸ್ಸಾಗಿತ್ತು. ಇನ್ನು ಅಪ್ಪ ಹೋಗಿ ಮನೆ ನೋಡಿಬಂದರೆ ಮುಗಿಯಿತು ಅನ್ನುವಾಗ ದೊಡ್ಡಪ್ಪ ತಕರಾರು ತೆಗೆದರು.

“ಹುಡುಗೀನೂ ಬರ್ಲಿ. ಅಲ್ಲಿ ಬಾಳ್ವೆ ಮಾಡೋಳು ಅವ್ಳೋ, ನೀನೋ?”

ಗಂಡಿನ ಮನೆಗೆ ಹುಡುಗಿಯೇ ಹೋಗುವುದು ನಮ್ಮಲ್ಲಿ ಎಲ್ಲಿದೆ? “ಜನ ಏನಂತಾರ್ರಿ?” ಎಂದು ಅವ್ವ ಹಣೆ ಬಡಿದುಕೊಂಡಳು. ಕೂಡಿಬಂದ ಸಂಬಂಧವನ್ನು ಈ ಮನುಷ್ಯ ಕೆಡಿಸುತ್ತಾರಲ್ಲಪ್ಪ ಎಂದು ನನಗೂ ಮೈ ಉರಿಯಿತು. ಆದರೆ ಅವರು ಹಠಕ್ಕೆ ಬಿದ್ದರೆ ಯಾರ ಮಾತೂ ನಡೆಯುತ್ತಿರಲಿಲ್ಲ.

ಕೊನೆಗೆ ಅಪ್ಪ, ದೊಡ್ಡಪ್ಪ, ನಾನು ಬಾಡಿಗೆ ಗಾಡಿಯಲ್ಲಿ ಹೊರಟೆವು. ಆ ಹೆದ್ದಾರಿಯೋ, ಮುಗಿಯುವುದೇ ಇಲ್ಲ... ದೊಡ್ಡಪ್ಪ ಊರೂರಿಗೂ ಇಳಿದರು, ಬಾಯಿ ಮುಕ್ಕಳಿಸಿದರು, ಮತ್ತೆ ಹತ್ತಿ ನಿಂಬೆಹಣ್ಣು ಗೀರಿದರು. “ಯಜಮಾನ್ರೇ, ನೀವು ಇಲ್ಲೇ ಇರ್ರಿ, ವಾಪಸ್ ಬರ್ತಾ ಕರ್ಕೊಂಡು ಹೋಗ್ತೀನಿ” ಎಂದು ಡ್ರೈವರ್ ಅಂದರೂ ಅವರಿಗೆ ನಾಚಿಕೆಯಿಲ್ಲ. ಕೊನೆಗೂ ಊರು ಬಂತು. ಬಸ್ ಸ್ಟ್ಯಾಂಡಿನ ಆಚೆ ಡಾಂಬರು ಮುಗಿದು ಕಪ್ಪು ಮಣ್ಣಿನ ಹೊಲ ಶುರುವಾಗುತ್ತಿತ್ತು. ನಮ್ಮ ಹಾಗೆ ರಸ್ತೆಗೂ ಸಾಕುಸಾಕಾಗಿರಬೇಕು.

ಗಂಡಿನ ಮನೆಯವರು ಊಟಕ್ಕೆ ಕಾಯುತ್ತಾ ಅಪ್ಪನಿಗೆ ಫೋನಿನ ಮೇಲೆ ಫೋನು ಮಾಡುತ್ತಿದ್ದರು. ಈ ಪುಣ್ಯಾತ್ಮ ಗಾಡಿ ನಿಲ್ಲಿಸಿ, ನನ್ನನ್ನು ಇಳಿಸಿಕೊಂಡು, ಬಸ್ ಸ್ಟ್ಯಾಂಡಿನ ವಿಚಾರಣೆ ಕಿಟಕಿಗೆ ಹೋದರು.

“ದಾವಣಗೆರೆಗೆ ಬಸ್ ಎಷ್ಟ್ ಅದಾವ್ರಿ?”

ಒಳಗಿದ್ದವರು ತಲೆ ಎತ್ತಲಿಲ್ಲ. “ಮುಂಜಾನೆ ಒಂದ ಐತ್ರಿ.”

“ದಿನಾ ಬರ್ತೈತೋ, ಮನಸ್ಸಿಗೆ ಬಂದಾಗ ಬರ್ತೈತೋ?”

ದಿನಾ ಬರುತ್ತದೆ ಎಂದು ಹೇಳಿಸಿಕೊಂಡರು. ಅದು ಎಲ್ಲಿ ನಿಲ್ಲುತ್ತದೆ ಎಂದು ಕೇಳಿ, ನನ್ನನ್ನು ಕರೆದೊಯ್ದು ಅದೇ ಜಾಗದಲ್ಲಿ ಬಿಸಿಲಿಗೆ ನಿಲ್ಲಿಸಿದರು. ನನಗೆ ರೇಗಿಹೋಯಿತು.

“ದೊಡ್ಡಪ್ಪ, ಅಲ್ಲಿ ಎಲ್ರೂ ಕಾಯ್ತಿದಾರೆ. ಇಷ್ಟು ದೂರ ಬಸ್ ನೋಡೋಕೆ ಬಂದ್ವಾ?”

“ಹೂಂನವ್ವ, ಅದಕ್ಕೇ ಬಂದಿದ್ದು. ಹುಡುಗನ್ನ, ಮನೇನ ನಿಮ್ಮಪ್ಪ ನೋಡ್ತಾನೆ. ನೀ ಇದನ್ನ ನೋಡ್ಕೋ. ನಾಳೆ ಬರ್ಬೇಕು ಅನ್ಸಿದ್ರೆ ಯಾರ್ನೂ ಕೇಳ್ಬ್ಯಾಡ. ಇಲ್ಲಿ ನಿಂತ್ಕೋ, ಹತ್ತು, ಬಾ.”

ಒಳ್ಳೆಯ ಕೆಲಸಕ್ಕೆ ಹೊರಟಾಗ ಎಂಥ ಅಪಶಕುನದ ಮಾತು! ವಾಪಸ್ ದಾವಣಗೆರೆ ಮುಟ್ಟುವವರೆಗೂ ನಾನು ಅವರ ಜೊತೆ ಮಾತಾಡಲಿಲ್ಲ.

ಮದುವೆಯಾಯಿತು. ಗಂಡ ಒಳ್ಳೆಯವರೇ. ಆದರೂ ಮೊದಲ ವರ್ಷ ಆ ಬಿಸಿಲು, ಆ ಸವಳು ನೀರು, ನನ್ನ ಮಾತಿನ ಧಾಟಿ ಕೇಳಿ ನಗುವ ಓಣಿಯ ಹೆಂಗಸರು... ಅಳುತ್ತಾ ಮಲಗಿದ್ದೂ ಇದೆ. ಬೆಳಿಗ್ಗೆ ಬಸ್ಸಿದೆಯಲ್ಲ ಅಂದುಕೊಂಡರೆ ನಿದ್ದೆ ಬರುತ್ತಿತ್ತು. ಎದ್ದ ಮೇಲೆ ಹೋಗಬೇಕು ಅನ್ನಿಸುತ್ತಿರಲಿಲ್ಲ. ಹಬ್ಬಕ್ಕೆ ಹೋದರೆ ದೊಡ್ಡಪ್ಪ ಚೆನ್ನಾಗಿದೀಯಾ ಎಂದು ಕೇಳಿದವರೇ ಅಲ್ಲ. ಗೇಟಿನಲ್ಲೇ ನಿಂತು, “ಏನವ್ವಾ, ಆ ಬಸ್ ಐತೋ, ತೆಗೆದ್ರೋ?” ಅನ್ನುತ್ತಿದ್ದರು.

ಹೋದ ತಿಂಗಳು ಅವರು ಆಸ್ಪತ್ರೆ ಸೇರಿದ್ದು ನನಗೆ ಗೊತ್ತೇ ಇಲ್ಲ. ತೀರಿಕೊಂಡು, ಮಣ್ಣು ಮುಗಿದ ಮೇಲೆ ಅವ್ವ ಫೋನ್ ಮಾಡಿದಳು. ಮೊನ್ನೆ ನಾವು ಹೊರಟದ್ದು ಅವರ ಹೆಂಡತಿಯನ್ನು ಮಾತಾಡಿಸಲು. ಸಮಾಧಾನ ಹೇಳಲು ಹೋದವಳು ಬಾಗಿಲಲ್ಲೇ ಹರಿಹಾಯ್ದೆ. “ಒಂದು ಫೋನ್ ಮಾಡೋಕೆ ಏನಾಗಿತ್ತು ದೊಡ್ಡವ್ವ?”

“ಅವ್ರೇ ಬ್ಯಾಡ ಅಂದ್ರು ಕಣವ್ವ. ಅವ್ಳಿಗೆ ಹೇಳ್ಬ್ಯಾಡ್ರಿ, ಅಷ್ಟು ದೂರದಿಂದ ಒಬ್ಳೇ ಬಸ್ಸಲ್ಲಿ ಅಳ್ತಾ ಬರ್ತಾಳೆ ಅಂದ್ರು.”

ಅಳುತ್ತಲೇ ಬರುತ್ತಿದ್ದೆ. ಅದರಲ್ಲೇನಿದೆ? ಬರಲಿ ಅಂತಲ್ಲವೇ ಆವತ್ತು ಬಿಸಿಲಲ್ಲಿ ನಿಲ್ಲಿಸಿ ತೋರಿಸಿದ್ದು? ಇಷ್ಟು ವರ್ಷದಲ್ಲಿ ಯಾರನ್ನೂ ಕೇಳದೆ ನಾನು ಆ ಬಸ್ಸು ಹತ್ತಲೇಬೇಕಾಗಿದ್ದ ದಿನ ಎಂದರೆ ಅವರು ಆಸ್ಪತ್ರೆ ಸೇರಿದ ಆ ದಿನವೊಂದೇ.