ಫ್ರೀಜರಿನಲ್ಲಿದ್ದ ನನ್ನ ಬುರುಡೆ

ಹಿರೇಗುತ್ತಿಯ ಹತ್ತಿರ ಹೆದ್ದಾರಿಯಲ್ಲಿ ಮಲಗಿದ್ದ ಎಮ್ಮೆಗೆ ನನ್ನ ಬೈಕು ಡಿಕ್ಕಿ ಹೊಡೆಯಿತು. ಎಮ್ಮೆಗೆ ಏನೂ ಆಗಲಿಲ್ಲವೆಂಬ ಸಮಾಧಾನದ ಸುದ್ದಿಯನ್ನು, ನನ್ನನ್ನು ನೋಡಲು ಬಂದವರೆಲ್ಲ ಮರೆಯದೆ ತಂದರು. ನನಗೆ ಮಾತ್ರ ಮಿದುಳು ಬಾತು, ಒಳಗೆ ಜಾಗ ಸಾಲದೆ, ದೂರದ ದೊಡ್ಡ ಆಸ್ಪತ್ರೆಯಲ್ಲಿ ಬುರುಡೆಯ ಬಲಗಡೆ ಅಂಗೈಯಗಲದ ಮೂಳೆಯನ್ನು ಕತ್ತರಿಸಿ ತೆಗೆದರು. ನನ್ನ ತಲೆಯಲ್ಲಿ ಜಾಗ ಸಾಲದಷ್ಟು ಮಿದುಳಿದೆಯೆಂದು ಮನೆಯಲ್ಲಿ ಅದುವರೆಗೆ ಯಾರಿಗೂ ಅನುಮಾನ ಬಂದಿರಲಿಲ್ಲ.

ಬಾವು ಪೂರ್ತಿ ಇಳಿದ ಮೇಲೆ ಅದೇ ಮೂಳೆಯನ್ನು ವಾಪಸ್ ಕೂರಿಸುತ್ತೇವೆ, ಅಲ್ಲಿಯವರೆಗೆ ನಮ್ಮ ಫ್ರೀಜರಿನಲ್ಲಿರುತ್ತದೆ ಎಂದು ಹೇಳಿ ಕಾಗಾಲದ ಮನೆಗೆ ಕಳಿಸಿದರು. ಬೈಕಿನ ಮೇಲೆ ಹೆಲ್ಮೆಟ್ ಹಾಕದ ಮಹಾಶಯನಾದ ನಾನು ಈಗ ಬಚ್ಚಲಿಗೂ ಹೆಲ್ಮೆಟ್ ಹಾಕಿಕೊಂಡೇ ಹೋಗುತ್ತಿದ್ದೆ.

ಅಮ್ಮನ ತಲೆಯಲ್ಲಿ ಕೂತದ್ದು ಮಾತ್ರ ಫ್ರೀಜರು. ಹಿಂದಿನ ಮಳೆಗಾಲದಲ್ಲಿ ಕರೆಂಟಿಲ್ಲದೆ ನಮ್ಮ ಫ್ರೀಜರಿನ ಬಂಗಡೆ ಮೀನೆಲ್ಲ ಹಾಳಾಗಿ ತೆಂಗಿನ ಬುಡಕ್ಕೆ ಹೋಗಿತ್ತು. ಹಾಗಾಗಿ ಕಾಗಾಲದಲ್ಲಿ ಕರೆಂಟ್ ಹೋದಾಗಲೆಲ್ಲ ನನ್ನ ಹೆಂಡತಿ ಆಸ್ಪತ್ರೆಗೆ ಫೋನ್ ಮಾಡಬೇಕಾಯಿತು. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ಬರುವುದೇ ಹೋಗುವುದಕ್ಕೆ.

“ಅದು ಬೇರೆ ಜಿಲ್ಲೆ ಅಮ್ಮ, ಅಲ್ಲಿನ ಕರೆಂಟೂ ಬೇರೆ,” ಎಂದೆ.

“ಮಳೆ ಒಂದೇ ಅಲ್ದಾ? ಫೋನ್ ಮಾಡೂಕೆ ಹೇಳು ಅವ್ಳಿಗೆ.”

ಅಲ್ಲಿ ಜನರೇಟರ್ ಇದೆಯಂತೆ ಎಂದು ಹೆಂಡತಿ ಹೇಳಿದರೆ, ಅದಕ್ಕೆ ಡೀಸೆಲ್ ಹಾಕಿದ್ದಾರಾ ಎಂದು ಅಮ್ಮನ ಮರುಪ್ರಶ್ನೆ. ಕೊನೆಕೊನೆಗೆ ನಮ್ಮ ನಂಬರು ನೋಡಿದ ಕೂಡಲೇ ಆಸ್ಪತ್ರೆಯವರು ಹಲೋ ಕೂಡ ಅನ್ನದೆ “ಮೂಳೆ ಚೆನ್ನಾಗಿದೆ” ಎನ್ನುತ್ತಿದ್ದರು. ಅದು ಕೇಳಿದ ಮೇಲೆಯೇ ಅಮ್ಮನಿಗೆ ಚಹಾ ಇಳಿಯುತ್ತಿತ್ತು. ಬಂದವರಿಗೆಲ್ಲ ನಾನು ಈ ಕಥೆ ಹೇಳಿ ನಗಿಸುತ್ತಿದ್ದೆ.

ಮಳೆ ಮುಗಿದು ಆಪರೇಷನ್ನಿನ ದಿನ ಗೊತ್ತಾಯಿತು. ಅಮ್ಮ, ಹೆಂಡತಿಯ ಜೊತೆ ಭಟ್ಕಳದಲ್ಲಿ ಬಟ್ಟೆ ಅಂಗಡಿ ಇಟ್ಟ ಸೋದರಮಾವನೂ ಬಂದ. ಲೋಕದಲ್ಲಿ ಅವನಿಗೆ ಅಭಿಪ್ರಾಯವಿಲ್ಲದ ವಿಷಯವಿಲ್ಲ.

ಪರೀಕ್ಷೆ ಮಾಡಿದಾಗ ಮೂಳೆಯಲ್ಲಿ ರೋಗಾಣು ಕಂಡಿದೆ ಎಂದರು ಡಾಕ್ಟರು. ಅಮ್ಮ ನನ್ನನ್ನು ನೋಡಿದ ನೋಟ ನಾನು ಮರೆಯುವಂಥದ್ದಲ್ಲ. ದಾರಿ ಎರಡಿದ್ದವು. ಕುಕ್ಕರಿನಂಥ ಯಂತ್ರದಲ್ಲಿ ಒತ್ತಡದ ಹಬೆಯಿಂದ ಮೂಳೆಯನ್ನು ಶುದ್ಧ ಮಾಡಿ ಕೂರಿಸಬಹುದು. ಆದರೆ ಅದು ವರ್ಷ ಕಳೆದಂತೆ ಸವೆದರೂ ಸವೆಯಬಹುದು. ಇಲ್ಲವೇ ಅದನ್ನು ಎಸೆದು ಟೈಟಾನಿಯಂ ತಗಡು ಹಾಕಬಹುದು.

“ಟೈಟಾನಿಯಮ್ಮೇ ಹಾಕಿ ಡಾಕ್ಟ್ರೇ, ವಿಮಾನಕ್ಕೂ ಅದೇ ಹಾಕೂದು,” ಎಂದ ಮಾವ. ಬೇಯಿಸಿದ ಮೂಳೆ ಸಾರಿಗೆ ಮಾತ್ರ ಸರಿ ಎಂದು ನಾನೂ ದನಿಗೂಡಿಸಿದೆ.

ಡಾಕ್ಟರ ಎದುರು ಎಂದೂ ಬಾಯಿ ತೆರೆಯದ ಅಮ್ಮ ಕುರ್ಚಿಯಿಂದ ಎದ್ದಳು.

“ಅದು ನಾ ಹೆತ್ತದ್ದು ಡಾಕ್ಟ್ರೇ. ಬೇಯ್ಸಿ, ಎಂತಾದ್ರೂ ಮಾಡಿ, ಅದನ್ನೇ ಹಾಕಿ. ಇವ್ನ ಮನೆಗೆ ಕರ್ಕಂಡು ಹೋದಾಗಿಂದ ಒಂದು ಮಗೂನ ಇಲ್ಲೇ ಥಂಡೀಲಿ ಬಿಟ್ಟು ಹೋದ ಹಾಂಗೆ ಆಗಿತ್ತು ನಂಗೆ.”

ಡಾಕ್ಟರು ನನ್ನತ್ತ ತಿರುಗಿ, ತಲೆ ನಿಮ್ಮದು, ನೀವೇ ಹೇಳಬೇಕು ಎಂದರು. ನಾನು ಅಮ್ಮನ ಕಡೆ ಕೈ ತೋರಿಸಿದೆ.