ಮಾಯಣ್ಣನವರು ಕೊನೆಗೆ ನೋಡಿದ ವ್ಯಾನು

ಆವತ್ತು ಸೋಮವಾರ. ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ ಕಟ್ಟಿಕೊಂಡು ಗಂಡ ಹೆಂಡತಿ ಇಬ್ಬರೂ ಶೆಡ್ಡಿಗೆ ಹೋದೆವು. ಚಿಕ್ಕನಾಯಕನಹಳ್ಳಿಯಿಂದ ತಿಪಟೂರಿಗೆ ಹೋಗುವ ರಸ್ತೆಯಲ್ಲಿ, ಊರು ದಾಟಿದ ಮೇಲೆ ಎಡಗಡೆಗೆ ನಮ್ಮ ಶೆಡ್ಡು. ತಗಡಿನ ಮಾಡು. ಹಿಂದೆ ಹನ್ನೊಂದು ತೆಂಗಿನ ಮರ. ಮುಂದೆ ಬೋರ್ಡು, ‘ಮಾಯಣ್ಣ ಕಾರ್ ವರ್ಕ್ಸ್’.

ಮಾಯಣ್ಣ ನನ್ನ ಗಂಡ. ಅವರು ಬದುಕಿರುವವರೆಗೂ ನಾನು ಅವರ ಹೆಸರು ಹೇಳಿದವಳಲ್ಲ. ಯಾರಾದರೂ ಕೇಳಿದರೆ ಬೋರ್ಡು ತೋರಿಸುತ್ತಿದ್ದೆ. ಈಗ ಬರೆಯಬೇಕಾಗಿದೆ, ಬರೆದಿದ್ದೇನೆ.

ಅವರು ತುರುವೇಕೆರೆ ಕಡೆಯವರು. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟು ಟ್ರ್ಯಾಕ್ಟರ್ ರಿಪೇರಿ ಅಂಗಡಿ ಸೇರಿದರು. ಆಮೇಲೆ ಜೀಪು, ಆಮೇಲೆ ಕಾರು. ಕಾರುಗಳಿಗೆ ಕಂಪ್ಯೂಟರ್ ಬಂದಾಗ ಅವರ ಜೊತೆಯವರು ಒಬ್ಬೊಬ್ಬರೇ ಕೆಲಸ ಬಿಟ್ಟರು. ಇವರು ಸ್ಕ್ಯಾನರ್ ತಂದರು. ಸ್ಟಿಯರಿಂಗ್ ಕೆಳಗಿನ ಸಾಕೆಟ್ಟಿಗೆ ಚುಚ್ಚಿದರೆ ಗಾಡಿಯಲ್ಲಿ ಏನು ತಪ್ಪಾಗಿದೆ ಎಂದು ಒಂದು ನಂಬರ್ ತೋರಿಸುತ್ತದೆ. ಅದಕ್ಕೆ ಕೋಡ್ ಎನ್ನುತ್ತಾರೆ. ಅವರು ಕೂಗಿ ಹೇಳುವರು, ನಾನು ನೋಟ್‌ಬುಕ್ಕಿನಲ್ಲಿ ಬರೆಯುವೆ. ನಾನು ಓದಿದ್ದು ಐದನೇ ಕ್ಲಾಸು. ಇಂಗ್ಲಿಷಿನ ಪಿ ಬರೆಯುವುದನ್ನು ಅವರೇ ಕಲಿಸಿದರು. ಮೊದಮೊದಲು ತಿರುಗಾಮುರುಗಾ ಬರೆಯುತ್ತಿದ್ದೆ.

ಬೇರೆ ಮೆಕ್ಯಾನಿಕ್ಕುಗಳು ಕೋಡ್ ಬಂದ ಕೂಡಲೇ ಸಾಮಾನು ಬದಲಾಯಿಸುತ್ತಾರೆ. ಇವರು ಹಾಗಲ್ಲ. ‘ಕೋಡು ಚಾಡಿ ಹೇಳ್ತದೆ ಕಣೇ, ಸಾಕ್ಷಿ ಹೇಳಲ್ಲ’ ಅನ್ನುವರು. ಕೋಡ್ ಅಳಿಸಿ ಗಾಡಿ ಓಡಿಸುವರು, ಅದು ಮತ್ತೆ ಎಲ್ಲಿ ಯಾವಾಗ ಬಂತು ಎಂದು ನೋಡುವರು. ಒಂದೊಂದು ಗಾಡಿಗೆ ನಾಲ್ಕು ದಿನ ಹಿಡಿಯುತ್ತಿತ್ತು. ಗಿರಾಕಿಗಳು ಬೈಯುತ್ತಿದ್ದರು. ನಾನೂ ಬೈದಿದ್ದೇನೆ.

ಆ ಸೋಮವಾರ ಶೆಡ್ಡಿನಲ್ಲಿ ನಿಂತಿದ್ದು ಹಂದನಕೆರೆ ಶಿವಮೂರ್ತಿಯ ವ್ಯಾನು. ಸೆಕೆಂಡ್ ಹ್ಯಾಂಡ್ ಪೆಟ್ರೋಲ್ ಗಾಡಿ. ತೆಗೆದುಕೊಂಡು ಎಂಟು ತಿಂಗಳಾಗಿತ್ತು. ಕಾಯಿ ಸಾಗಿಸುವುದಕ್ಕೆ ಹಿಂದಿನ ಸೀಟು ಬಿಚ್ಚಿಸಿದ್ದ. ನಿಂತಲ್ಲಿ ಗಾಡಿ ಸರಿ. ಗುಡ್ಡದ ಏರಿಗೆ ಮಾತ್ರ ಎಳೆಯುತ್ತಿರಲಿಲ್ಲ, ಮುಂದೆ ಹಳದಿ ಲೈಟು ಹತ್ತಿಕೊಳ್ಳುತ್ತಿತ್ತು. ಬೇರೆ ಕಡೆ ತೋರಿಸಿ ಎರಡು ಸಲ ಸೆನ್ಸರ್ ಬದಲಾಯಿಸಿದ್ದ. ಲೈಟು ಹೋಗಿರಲಿಲ್ಲ.

‘ಬರ್ಕೊ. ಪಿ, ಸೊನ್ನೆ, ಸೊನ್ನೆ, ಒಂದು, ಎರಡು’ ಎಂದರು.

‘ಅಂಗಂದ್ರೆ ಏನ್ರೀ?’

‘ಕ್ಯಾಮ್ ಟೈಮಿಂಗು. ತಡವಾಗ್ತೈತೆ ಅಂತ.’

ಎಂಜಿನ್ನಿನ ಕೆಳಗೆ ಒಂದು ದಂಡ ಸುತ್ತುತ್ತದೆ, ಮೇಲೊಂದು. ಮೇಲಿನದು ಕ್ಯಾಮ್ ಶಾಫ್ಟ್. ಅದು ಗಾಳಿ ಒಳಗೆ ಹೋಗುವ ಬಾಗಿಲು ತೆಗೆದು ಮುಚ್ಚುತ್ತದೆ. ಎರಡು ದಂಡಕ್ಕೂ ಸೇರಿಸಿ ಒಂದು ಚೈನು.

‘ನೀವು ಹೆಂಗಸ್ರು ಇಬ್ಬಿಬ್ರು ಸೇರಿ ಒಂದೇ ಒಳ್ಳಿಗೆ ಒನಕೆ ಹಾಕ್ತೀರಲ್ಲ, ಅಂಗೆ’ ಎಂದರು. ‘ಒಬ್ಬಳು ಒಸಿ ತಡ ಮಾಡಿದ್ರೆ?’

‘ಕೈ ಜಜ್ಜೋಯ್ತದೆ.’

‘ಇಲ್ಲಿ ಗಾಡಿ ದಮ್ಮು ಹೋಯ್ತದೆ.’

ಈಗಿನ ಗಾಡಿಗಳಲ್ಲಿ ಏರು ಬಂದಾಗ ಮೇಲಿನ ದಂಡವನ್ನು ಒಂಚೂರು ಮುಂದಕ್ಕೆ ತಿರುಗಿಸಬೇಕಂತೆ. ಅದನ್ನು ಒತ್ತುವುದು ಎಂಜಿನ್ ಆಯಿಲ್. ಆಯಿಲ್ ಬಿಡುವುದಕ್ಕೆ ಹೆಬ್ಬೆರಳು ಗಾತ್ರದ ಒಂದು ವಾಲ್ವು, ಅದರ ಬಾಯಿಗೆ ಜಾಲರಿ.

ಅವರು ಉದ್ದನೆಯ ಸ್ಕ್ರೂ ಡ್ರೈವರ್ ಎಂಜಿನ್ನಿಗೆ ಆನಿಸಿ ಹಿಡಿಕೆಗೆ ಕಿವಿ ಇಟ್ಟು ಚೈನಿನ ಸದ್ದು ಕೇಳಿದರು. ಬಹಳ ಹೊತ್ತು ಕೇಳಿದರು. ವೈರುಗಳನ್ನು ಬೆರಳಲ್ಲಿ ಸವರಿಕೊಂಡು ಹೋದರು. ಕೊನೆಗೆ ಆ ವಾಲ್ವು ಬಿಚ್ಚಿ ಬ್ಯಾಟರಿಗೆ ಮುಟ್ಟಿಸಿದರು. ಟಕ್ ಎಂದಿತು. ವಾಲ್ವು ಸರಿಯಿತ್ತು. ಜಾಲರಿಯಲ್ಲಿ ಏನೋ ಎರಡು ಎಳೆ ಸಿಕ್ಕಿಕೊಂಡಿತ್ತು.

‘ಲೇ, ಇದೇನ್ ನೋಡೇ ಇಲ್ಲಿ.’

ನಾನು ಟೀ ಸೋಸುತ್ತಿದ್ದೆ. ತಿರುಗಲಿಲ್ಲ.

‘ಒರೆಸೋ ಬಟ್ಟೆ ದಾರ ಇರ್ಬೇಕು ಬುಡಿ’ ಅಂದೆ.

‘ದಾರ ಒಳಗೆ ಎಂಗ್ ಹೋಯ್ತದೆ?’ ಎಂದರು. ನಾನು ಟೀ ಲೋಟಕ್ಕೆ ಬಗ್ಗಿಸಿದೆ. ಅವರು ಆ ಎರಡು ಎಳೆಯನ್ನು ನೋಟ್‌ಬುಕ್ಕಿನಲ್ಲಿ ಆ ನಂಬರಿನ ಪಕ್ಕದಲ್ಲೇ ಇಟ್ಟು ಪುಸ್ತಕ ಮುಚ್ಚಿದರು.

ಸಂಜೆ ಶಿವಮೂರ್ತಿಗೆ ಫೋನ್ ಮಾಡಿದರು. ‘ಚೈನು ಸರಿಯಾಗೈತೆ ಕಣಪ್ಪ. ಎಂಜಿನ್ ಇಳ್ಸೋ ಕೆಲ್ಸ ಇಲ್ಲ. ರೋಗ ಇರೋದು ಆಯಿಲ್ಲಾಗೆ. ವಾಲ್ವು ತೊಳ್ದು ಹಾಕಿವ್ನಿ. ನಾಳೆ ಏರು ಹತ್ಸಿ ನೋಡ್ತೀನಿ, ಬಂದು ತಗಂಡೋಗು.’

ಮನೆಗೆ ಬಂದೆವು. ಉಂಡರು, ಮಲಗಿದರು. ಬೆಳಿಗ್ಗೆ ಬಚ್ಚಲ ಒಲೆಗೆ ತೆಂಗಿನ ಮಟ್ಟೆ ತುಂಬುತ್ತಿದ್ದವರು ಹಾಗೇ ಗೋಡೆಗೆ ಒರಗಿದರು. ನಾನು ಹೋಗುವಷ್ಟರಲ್ಲಿ ಮುಗಿದಿತ್ತು. ಗುಂಡಿಗೆ ನಿಂತಿದೆ ಎಂದರು ಡಾಕ್ಟರು. ಐವತ್ತೆಂಟು ವರ್ಷ.

ತಿಥಿ ಕಳೆದ ನಾಲ್ಕನೇ ದಿನ ಶಿವಮೂರ್ತಿ ವ್ಯಾನಿಗೆ ಬಂದ. ಜೊತೆಗೆ ಅವನ ಅಪ್ಪ ಹುಚ್ಚರಂಗಯ್ಯ. ಎಪ್ಪತ್ತು ದಾಟಿದ ಮುದುಕರು, ಬಾಯಿ ತುಂಬ ಎಲೆ ಅಡಿಕೆ. ಮೆಕ್ಯಾನಿಕ್ ರಂಗರಾಜುವನ್ನೂ ಕರೆದುಕೊಂಡು ಬಂದಿದ್ದರು. ರಂಗರಾಜು ನಮ್ಮವರ ಹತ್ತಿರವೇ ಆರು ವರ್ಷ ಕೆಲಸ ಕಲಿತವನು. ಈಗ ತಿಪಟೂರಿನಲ್ಲಿ ಇನ್ನೊಬ್ಬರ ಗ್ಯಾರೇಜಿನಲ್ಲಿದ್ದಾನೆ. ನನ್ನನ್ನು ಅಕ್ಕ ಅನ್ನುತ್ತಾನೆ.

ನಾನು ಶೆಡ್ಡಿನ ಬೀಗ ತೆಗೆದೆ. ಹದಿನೈದು ದಿನ ಮುಚ್ಚಿದ್ದ ಜಾಗ. ರಂಗರಾಜು ವ್ಯಾನು ತೆಗೆದುಕೊಂಡು ಗುಡ್ಡದ ಕಡೆ ಹೋದ. ಅರ್ಧ ಗಂಟೆಗೆ ವಾಪಸ್ ಬಂದ. ಹಳದಿ ಲೈಟು ಹತ್ತಿತ್ತು. ಸ್ಕ್ಯಾನರ್ ಚುಚ್ಚಿದ. ಅದೇ ನಂಬರು.

‘ಅಣ್ಣ ಇದೊಂದ್ರಾಗೆ ಎಡವ್‌ಬುಟ್ರು ಕಣಕ್ಕ’ ಎಂದ. ‘ಚೈನು ಸಡಿಲಾಗೈತೆ. ಎಂಜಿನ್ ಇಳ್ಸೋದೇ ಸೈ.’

ಶಿವಮೂರ್ತಿ ನನ್ನ ಮುಖ ನೋಡಲಿಲ್ಲ. ಟೀ ಅಂಗಡಿಯ ಚಿಕ್ಕಗಂಗಮ್ಮ ಅಷ್ಟರಲ್ಲಿ ಬಂದು ನಿಂತಿದ್ದಳು. ‘ಪಾಪ, ಕಡೇಗಾಲಕ್ಕೆ ಕಣ್ಣು ಕಿವಿ ಮಂದ ಆಗಿದ್ವೇನೋ’ ಎಂದಳು. ಅವಳು ಕೆಟ್ಟದ್ದಕ್ಕೆ ಹೇಳಿದ್ದಲ್ಲ. ಆದರೂ ಸಂಜೆಯೊಳಗೆ ಅವಳ ಅಂಗಡಿಯಲ್ಲಿ ಟೀ ಕುಡಿದವರಿಗೆಲ್ಲ ಗೊತ್ತಾಗುತ್ತಿತ್ತು. ಮೂವತ್ತೈದು ವರ್ಷದ ಕೆಲಸ ಮರೆತು ಇದೊಂದನ್ನೇ ಹೇಳುತ್ತಿದ್ದರು.

ನನಗೆ ಬೇಕಾಗಿದ್ದು ಒಂದೇ. ಅವರು ಹೇಳಿದ್ದು ಸರಿಯೋ ತಪ್ಪೋ ಗೊತ್ತಾಗಬೇಕು. ತಪ್ಪಾಗಿದ್ದರೆ ಆವತ್ತೇ ಬೋರ್ಡು ಇಳಿಸಿ ಶೆಡ್ಡು ಬಿಟ್ಟುಕೊಡುತ್ತಿದ್ದೆ. ಬಾಡಿಗೆಗೆ ಕೇಳುವವರು ಆಗಲೇ ಇಬ್ಬರು ಬಂದು ಹೋಗಿದ್ದರು.

‘ಒಂದು ಗಳಿಗೆ ಇರು ರಂಗರಾಜು’ ಎಂದು ನೋಟ್‌ಬುಕ್ ತೆಗೆದೆ. ಕೊನೆಯ ಪುಟ. ನನ್ನ ಅಕ್ಷರದ ನಂಬರು, ಪಕ್ಕದಲ್ಲಿ ಆಯಿಲ್ ಹೀರಿದ ಕಲೆ, ಅದರ ಮೇಲೆ ಆ ಎರಡು ಎಳೆ. ಆವತ್ತು ನೋಡದೇ ದಾರ ಎಂದಿದ್ದು ನಾನು. ಈಗ ಉಗುರಲ್ಲಿ ಎತ್ತಿ ಮಡಿಸಿದೆ. ದಾರವಾಗಿದ್ದರೆ ಆಯಿಲ್ಲಿಗೆ ಮೆತ್ತಗಾಗಿ ಬೆರಳಿಗೆ ಅಂಟಬೇಕು. ಇದು ಮಡಿಸಿದರೆ ಮತ್ತೆ ಸೆಟೆದುಕೊಂಡಿತು.

ನಾನು ಹುಟ್ಟಿದಾಗಿನಿಂದ ಪಾತ್ರೆ ಉಜ್ಜಿದ್ದು ತೆಂಗಿನ ನಾರಿನಲ್ಲಿ. ಕಣ್ಣು ಮುಚ್ಚಿಕೊಂಡೂ ಹೇಳುತ್ತೇನೆ.

‘ಇದು ನಾರು’ ಎಂದೆ.

ರಂಗರಾಜು ನಕ್ಕ. ‘ಎಂಜಿನ್ ಒಳಗೆ ತೆಂಗಿನ ನಾರು ಎಂಗ್ ಬತ್ತದಕ್ಕ? ಅದೇನು ಮಟ್ಟೆ ಸುಲಿಯೋ ಮಿಷನ್ನಾ?’

‘ನೀನು ನೋಡು ಮೊದ್ಲು.’

ಅವನು ಬಿಸಿಲಿಗೆ ಹಿಡಿದು ನೋಡಿದ, ಮಡಿಸಿಯೂ ನೋಡಿದ. ಶಿವಮೂರ್ತಿ ಬಂದು ನೋಡಿದ. ಆಗ ಬೆಂಚಿನ ಮೇಲೆ ಕೂತಿದ್ದ ಹುಚ್ಚರಂಗಯ್ಯನವರು ಎಲೆ ಅಡಿಕೆ ಉಗಿದು ಬಂದರು.

‘ನಾರಾ? ಓ, ಅದು ನಂದೇ ಇರ್ಬೇಕು ಕಣವ್ವ’ ಎಂದರು.

‘ನಿಂದಾ?’ ಎಂದ ಶಿವಮೂರ್ತಿ.

‘ಆಯಿಲ್ ಹಾಕೋ ಬಾಯಿ ಐತಲ್ಲ ಮ್ಯಾಲೆ, ಅದ್ರ ಮುಚ್ಚಳ ಎಲ್ಲೋ ಬಿದ್ದೋಗಿತ್ತು. ನೀನು ಮದುವೆಗೆ ಅಂತ ಹೋಗಿದ್ದೆ. ಕಾಯಿ ಹಾಕ್ಕೊಂಡು ಹೋಗ್ಬೇಕು, ಡ್ರೈವರ್ ಬಂದು ನಿಂತವ್ನೆ. ಒಂದು ಹಿಡಿ ನಾರು ಉಂಡೆ ಕಟ್ಟಿ ತುರುಕ್ದೆ. ಒಂದು ತೊಟ್ಟು ಸೋರ್ಲಿಲ್ಲ!’

‘ಅಪ್ಪಾ! ಎಷ್ಟು ದಿನ ಓಡ್ಸಿದ್ರಿ ಅಂಗೆ?’

‘ಹದಿನೈದು ದಿನ ಆಗಿರ್ಬೋದು. ಆಮ್ಯಾಕೆ ಡ್ರೈವರ್ ಹೊಸ ಮುಚ್ಚಳ ತಂದು ಹಾಕ್ದ.’

‘ನಂಗ್ಯಾಕೆ ಹೇಳ್ಲಿಲ್ಲ?’

‘ನೀನ್ ಕೇಳ್ದೇನ್ಲಾ? ಎಣ್ಣೆ ಕೊಡದ ಬಾಯಿಗೆ, ಹರಳೆಣ್ಣೆ ಸೀಸೆಗೆ ನಮ್ಮಪ್ಪನ ಕಾಲದಿಂದ ನಾರೇ ತುರುಕ್ತಾ ಇರೋದು. ಯಾವ ಕೊಡ ಕೆಟ್ಟೈತೆ?’

ಶಿವಮೂರ್ತಿ ತಲೆ ಹಿಡಿದುಕೊಂಡು ಕೂತ. ಚಿಕ್ಕಗಂಗಮ್ಮ ಸೆರಗು ಬಾಯಿಗೆ ಅಡ್ಡ ಇಟ್ಟುಕೊಂಡಳು. ನನಗೂ ನಗು ಬಂತು. ನಮ್ಮವರು ಹೋದಮೇಲೆ ನಕ್ಕಿದ್ದು ಅದೇ ಮೊದಲು. ನಕ್ಕ ಮೇಲೆ ನಾಚಿಕೆಯಾಯಿತು.

ರಂಗರಾಜು ನಗಲಿಲ್ಲ. ಎಂಜಿನ್ ನೋಡುತ್ತಾ ನಿಂತಿದ್ದ. ‘ಚೇಂಬರ್ ಇಳ್ಸಿ ನೋಡಣ’ ಎಂದ. ಚೇಂಬರ್ ಎಂದರೆ ಎಂಜಿನ್ನಿನ ತಳದಲ್ಲಿ ಆಯಿಲ್ ನಿಲ್ಲುವ ತೊಟ್ಟಿ. ಅಲ್ಲಿಂದ ಆಯಿಲ್ ಮೇಲಕ್ಕೆ ಹೀರುವ ಕೊಳವೆಯ ತುದಿಗೂ ಒಂದು ಜಾಲರಿ ಇರುತ್ತದೆ.

ಆಯಿಲ್ ಬಸಿದು, ಬೋಲ್ಟು ಬಿಚ್ಚಿ, ತೊಟ್ಟಿ ಕೆಳಕ್ಕೆ ಬರುವುದಕ್ಕೆ ಒಂದೂವರೆ ಗಂಟೆಯಾಯಿತು. ನಾನು ಟಾರ್ಚು ಹಿಡಿದಿದ್ದೆ. ಜಾಲರಿ ಚೊಕ್ಕಟವಾಗಿದ್ದರೆ ರಂಗರಾಜು ಹೇಳಿದ್ದೇ ಸರಿ, ಚೈನು. ನಮ್ಮವರು ಹೇಳಿದ್ದು ತಪ್ಪು.

ತೊಟ್ಟಿ ಇಳಿಯಿತು. ರಂಗರಾಜು ಕೆಳಗೆ ಮಲಗಿದ್ದವನು ‘ಅಕ್ಕಾ’ ಎಂದ. ಟಾರ್ಚು ಹಿಡಿದೇ ಬಗ್ಗಿ ನೋಡಿದೆ. ಜಾಲರಿಯ ತುಂಬ ಕಪ್ಪು ನಾರು ಗುಬ್ಬಚ್ಚಿ ಗೂಡಿನ ಹಾಗೆ ಮೆತ್ತಿಕೊಂಡಿತ್ತು.

‘ನಿಂತಾಗ ಒಸಿ ಆಯಿಲ್ ಸಾಕು, ಎಳ್ಕೊತಾ ಇತ್ತು. ಏರಲ್ಲಿ ಎಂಜಿನ್ ಜೋರಾದಾಗ ಸಾಲ್ತಿರ್ಲಿಲ್ಲ. ಒತ್ತಡ ಇಲ್ದಿದ್ರೆ ಕ್ಯಾಮ್ ಎಂಗ್ ತಿರುಗ್ತದೆ?’ ಎಂದ ರಂಗರಾಜು. ಕೆಳಗಿನಿಂದ ಎದ್ದು ಬಂದು, ‘ಅಣ್ಣ ವಾಲ್ವಿನ ಜಾಲರಿ ತೊಳ್ದು ನಿಲ್ಸಿದ್ರು. ತಳದ್ದು ನೋಡ್ಬೇಕಿತ್ತು’ ಎಂದ.

ಹೌದು. ಅವರು ರೋಗ ಸರಿಯಾಗಿ ಹೇಳಿದರು, ಅದಿರುವ ಜಾಗ ಅರ್ಧ ಮಾತ್ರ ನೋಡಿದರು. ಅದನ್ನು ಮುಚ್ಚಿಡುವುದಿಲ್ಲ. ಆವತ್ತು ನಾನು ತಿರುಗಿ ನೋಡಿ ನಾರು ಎಂದಿದ್ದರೆ ಅವರು ಸಂಜೆಯೊಳಗೇ ತೊಟ್ಟಿ ಇಳಿಸುತ್ತಿದ್ದರು. ಮಾರನೇ ಬೆಳಿಗ್ಗೆ ಆಗುವುದು ಆಗೇ ಆಗುತ್ತಿತ್ತು. ಗಾಡಿಗೆ ಏನಾಗಿತ್ತು ಎಂದು ತಿಳಿದುಕೊಂಡು ಹೋಗುತ್ತಿದ್ದರು, ಅಷ್ಟೇ. ಈ ಕೊರಗು ನನಗೆ ಇನ್ನೂ ಇದೆ.

ತೊಳೆದು, ಹೊಸ ಫಿಲ್ಟರ್ ಹಾಕಿ, ಹೊಸ ಆಯಿಲ್ ತುಂಬುವಾಗ ಮಧ್ಯಾಹ್ನ ಮೂರಾಗಿತ್ತು. ಚೈನನ್ನೂ ನೋಡಲೇಬೇಕು ಎಂದು ರಂಗರಾಜುವಿಗೆ ನಾನೇ ಹೇಳಿದೆ. ಮೇಲಿನ ಕವರ್ ತೆಗೆದು ಚೈನಿನ ಮೇಲೂ ಅದರ ಚಕ್ರದ ಮೇಲೂ ಇರುವ ಗುರುತು ನೋಡಿದ. ಗುರುತಿಗೆ ಗುರುತು ಕೂತಿತ್ತು. ಸಡಿಲ ಇರಲಿಲ್ಲ.

ಏರಿಗೆ ಹೋಗುವಾಗ ನಾನೂ ಮುಂದೆ ಕೂತೆ. ವಿಧವೆ ಹೀಗೆ ಹೊರಟಳಲ್ಲ ಎಂದು ಯಾರೂ ಅನ್ನಲಿಲ್ಲ. ಅಂದಿದ್ದರೂ ಹೋಗುತ್ತಿದ್ದೆ. ಹುಚ್ಚರಂಗಯ್ಯನವರು ಹಿಂದೆ, ಕಾಯಿ ಹಾಕುವ ಜಾಗದಲ್ಲಿ ಕುಕ್ಕುರುಗಾಲಲ್ಲಿ ಕೂತರು. ತೆಂಗಿನ ತೋಟ ಮುಗಿಯಿತು. ಬಂಡೆ, ಜಾಲಿ, ಕುರಿ ಮಂದೆ ಬಂತು. ಏರು ಶುರುವಾಯಿತು. ನಾನು ರಸ್ತೆ ನೋಡಲಿಲ್ಲ, ಲೈಟು ಬರುವ ಜಾಗ ನೋಡುತ್ತಿದ್ದೆ. ವ್ಯಾನು ಮೇಲೆ ಹತ್ತಿ ನಿಂತಿತು. ಲೈಟು ಬರಲಿಲ್ಲ. ಇಳಿದು ತಿರುಗಿ ಇನ್ನೆರಡು ಸಲ ಹತ್ತಿಸಿದ. ಬರಲಿಲ್ಲ.

‘ಎತ್ತು ಎಳ್ದಂಗೆ ಎಳೀತದೆ ಕಣ್ಲಾ’ ಎಂದರು ಹುಚ್ಚರಂಗಯ್ಯ.

‘ನೀನು ಬಾಯಿ ಮುಚ್ಚಪ್ಪ’ ಎಂದ ಮಗ.

‘ಮುಚ್ತೀನಿ. ನಾರು ಕೊಡು.’

ಶೆಡ್ಡಿಗೆ ಬಂದು ರಂಗರಾಜು ಸ್ಕ್ಯಾನರ್ ಚುಚ್ಚಿದ. ಯಾವ ನಂಬರೂ ಇರಲಿಲ್ಲ. ನೋಟ್‌ಬುಕ್ಕಿನಲ್ಲಿ ಆ ನಂಬರಿನ ಮುಂದೆ ‘ಸರಿಯಾಯಿತು. ತಳದ ಜಾಲರಿ. ನಾರು’ ಎಂದು ಬರೆದೆ. ಚಿಕ್ಕಗಂಗಮ್ಮನನ್ನು ಕರೆದು, ‘ಚೈನು ಸರಿಯಾಗಿತ್ತು, ಅವರು ಹೇಳಿದಂಗೇ ಆಯಿಲ್ಲಾಗೇ ಇತ್ತು. ಇದನ್ನೂ ಹೇಳು’ ಎಂದೆ. ಹೇಳಿದಳಂತೆ. ನಾರಿನ ಕತೆ ಸೇರಿಸಿ ಬಹಳ ಚೆನ್ನಾಗಿ ಹೇಳಿದಳಂತೆ.

ಹೊರಡುವಾಗ ರಂಗರಾಜು ಬಾಗಿಲಲ್ಲಿ ನಿಂತ. ‘ಅಕ್ಕ, ಶೆಡ್ಡು ಯಾರಿಗೂ ಕೊಡ್ಬೇಡ. ನಾನು ಬತ್ತೀನಿ. ಆ ಗ್ಯಾರೇಜು ಸಾಕಾಗೈತೆ’ ಎಂದ.

‘ಬೋರ್ಡು?’

‘ಬೋರ್ಡಿಗೆ ಏನಾಗೈತೆ? ಇರ್ಲಿ ಬುಡು.’

ಮುಂದಿನ ವಾರದಿಂದ ಬಂದ. ಅವನು ಬರುವುದು ಒಂಬತ್ತಕ್ಕೆ. ನಾನು ಏಳಕ್ಕೇ ಹೋಗಿ ಬೀಗ ತೆಗೆಯುತ್ತೇನೆ. ಹಿಂದಿನ ದಿನ ನೆಲಕ್ಕೆ ಬಿದ್ದ ಆಯಿಲ್ ಮೇಲೆ ಸಾ ಮಿಲ್ಲಿನ ಮರದ ಹೊಟ್ಟು ಎರಚುತ್ತೇನೆ. ಅದು ಹೀರಿಕೊಳ್ಳುವವರೆಗೆ ಸ್ಪ್ಯಾನರುಗಳನ್ನು ಒರೆಸಿ, ಚಿಕ್ಕದರಿಂದ ದೊಡ್ಡದಕ್ಕೆ ಗೋಡೆಗೆ ನೇತು ಹಾಕುತ್ತೇನೆ. ಆಮೇಲೆ ಪೊರಕೆ ಹಿಡಿದು ಮೂಲೆಯಿಂದ ಬಾಗಿಲ ತನಕ ಗುಡಿಸುತ್ತೇನೆ.