ಬಾಗಿಲು ಬಿಟ್ಟು ಕೊಲ್ಲುವವನು

ಕಾಮಿಕ್ಸ್ ಪುಸ್ತಕ ಮಾಡುವ ಆ ಕಚೇರಿಯಲ್ಲಿ ಅವನಿಗೆ ಕೊಲೆಗಾರಣ್ಣ ಎಂದೇ ಹೆಸರು. ಮೇಜಿನ ಮೇಲೆ ಇರುವೆ ಹರಿದರೆ ಊದಿ ದಾಟಿಸುವಷ್ಟು ಸಾಧು ಮನುಷ್ಯ. ಆದರೆ ಮಸಿಯ ಕುಂಚ ಕೈಗೆ ಬಂತೋ, ಎಂಥ ಮಹಾವೀರನನ್ನೂ ಬಿಡುತ್ತಿರಲಿಲ್ಲ. ಆಕಾಶದಲ್ಲಿ ಹಾರುವವನು, ಬೆಂಕಿ ಉಗುಳುವವನು, ಗೋಡೆ ತೂರಿ ಹೋಗುವವಳು, ಎಲ್ಲರೂ ಅವನ ಕೈಯಲ್ಲೇ ಸತ್ತವರು. ಸತ್ತು, ವರ್ಷ ತುಂಬುವುದರೊಳಗೆ ಮೈ ಕೊಡವಿಕೊಂಡು ಎದ್ದು ಬಂದವರು. ಮಾರಾಟ ಬಿದ್ದುಹೋದರೆ ಸಂಪಾದಕರು ಒಬ್ಬ ವೀರನನ್ನು ಸಾಯಿಸುತ್ತಿದ್ದರು; ಓದುಗರು ಗೋಳೋ ಎಂದು ಅತ್ತು ಆ ಸಂಚಿಕೆಗೆ ಮುಗಿಬೀಳುತ್ತಿದ್ದರು. ಮತ್ತೆ ಮಾರಾಟ ಬಿದ್ದರೆ ಅವನನ್ನು ಎಬ್ಬಿಸುತ್ತಿದ್ದರು. ಆಗಲೂ ಮುಗಿಬೀಳುತ್ತಿದ್ದರು. ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ ಬಿಡಿ, ಹೊಟ್ಟೆಪಾಡು.

ಈ ಕಸುಬಿನಲ್ಲಿ ಒಂದು ಕಟ್ಟುಪಾಡಿತ್ತು. ಅದಕ್ಕೆ ಅವರು ಬಾಗಿಲು ಬಿಡುವುದು ಎನ್ನುತ್ತಿದ್ದರು. ವೀರ ಸಾಯಲಿ, ಆದರೆ ಮುಂದೆ ಎದ್ದು ಬರುವುದಕ್ಕೆ ಎಲ್ಲೋ ಒಂದು ಸಂದು ಉಳಿದಿರಬೇಕು. ಕಟ್ಟಡ ಅವನ ಮೇಲೆ ಕುಸಿಯಬಹುದು, ಹೆಣ ಕಾಣಬಾರದು. ನದಿಗೆ ಬೀಳಬಹುದು, ತೇಲಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಅವನ ಸುತ್ತ ಅವನ ಕಡೆಯವರು ನಿಂತಿರಬಾರದು. ತಾಯಿ, ಹೆಂಡತಿ, ಗೆಳೆಯರು ಸುತ್ತುವರಿದು ಮುಖ ನೋಡಿ ಅತ್ತರೆ ಓದುಗ ನಂಬಿಬಿಡುತ್ತಾನೆ. ನಂಬಿದ ಮೇಲೆ ಎಬ್ಬಿಸಿದರೆ ಮೋಸ ಎಂದು ಬಾಯಿಗೆ ಬಂದಂತೆ ಬೈಯುತ್ತಾನೆ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಕೊಲೆಗಾರಣ್ಣ ಈ ತಪ್ಪು ಮಾಡಿದ್ದ. ಒಬ್ಬ ಪುಟ್ಟ ವೀರನನ್ನು ತಾಯಿಯ ತೊಡೆಯ ಮೇಲೆ ಮಲಗಿಸಿ, ಅಕ್ಕಂದಿರನ್ನು ಸುತ್ತ ಕೂರಿಸಿ, ಮುಚ್ಚಿದ ಕಣ್ಣಿನವರೆಗೂ ಚೆಂದವಾಗಿ ಬರೆದುಬಿಟ್ಟಿದ್ದ. ಸಂಪಾದಕರು ತಲೆ ಚಚ್ಚಿಕೊಂಡರು. "ಇಷ್ಟು ನಿಜವಾಗಿ ಸಾಯಿಸು ಅಂತ ಯಾರಯ್ಯಾ ಹೇಳಿದ್ದು ನಿಂಗೆ?" ಎಂದು ಕೂಗಾಡಿದರು. ಎಷ್ಟು ಕತೆ ಹೆಣೆದರೂ ಆ ಹುಡುಗನನ್ನು ಎಬ್ಬಿಸುವುದಕ್ಕೆ ಆಗಲಿಲ್ಲ. ಉಳಿದವರೆಲ್ಲ ಸತ್ತು ಸತ್ತು ಬಂದರು. ಅವನೊಬ್ಬ ಮಾತ್ರ ಇವತ್ತಿಗೂ ಸತ್ತೇ ಇದ್ದಾನೆ. ಆಮೇಲೆ ಕೊಲೆಗಾರಣ್ಣ ಯಾರ ಹೆಣದ ಸುತ್ತಲೂ ಒಂದು ನರಪಿಳ್ಳೆಯನ್ನೂ ನಿಲ್ಲಿಸಲಿಲ್ಲ.

ಅವನ ಹೆಂಡತಿಯದೂ ಅದೇ ಕಚೇರಿಯ ಕೆಲಸ. ಅವನು ಚಿತ್ರ ಬರೆದರೆ ಅವಳು ಪಾತ್ರಗಳ ಬಾಯಿಂದ ಹೊರಡುವ ಮಾತಿನ ಗುಳ್ಳೆಗಳನ್ನು ಬರೆಯುತ್ತಿದ್ದಳು. ಹೆಚ್ಚಿನ ಕೆಲಸ ಮನೆಯಲ್ಲೇ; ಮುಂದಿನ ಕೋಣೆಯಲ್ಲಿ ಕಿಟಕಿಗೆ ಒತ್ತಿ ಇಬ್ಬರ ಮೇಜುಗಳು. ಅವನ ಹಾಳೆ ಒಣಗಿದ ಮೇಲೆ ಅವಳ ಮೇಜಿಗೆ ದಾಟುತ್ತಿತ್ತು. ನಾಯಕ, ಖಳನಾಯಕ, ದಾರಿಹೋಕ, ಎಲ್ಲರೂ ಅವಳ ದುಂಡು ಅಕ್ಷರದಲ್ಲೇ ಮಾತಾಡಬೇಕು. ಅವಳದೊಂದು ಹಠವಿತ್ತು: ಮಾತು ಎಷ್ಟೇ ಉದ್ದವಿರಲಿ, ಗುಳ್ಳೆ ಯಾರ ಮುಖದ ಮೇಲೂ ಕೂರಬಾರದು. ಹಿಂದಿನ ಸಾಲಿನಲ್ಲಿ ಬೆರಳುಗುರುತಿನಷ್ಟು ಕಾಣುವ ಮುಖವಾದರೂ ಸರಿ.

"ಸ್ವಲ್ಪ ಆಕಾಶ ಬಿಡಿ ಮಹಾರಾಯರೇ," ಎಂದು ರೇಗುತ್ತಿದ್ದಳು. "ಇವ್ನು ಸಾಯೋವಾಗ್ಲೂ ಬಾಯಿ ಮುಚ್ಚಲ್ಲ. ಇಷ್ಟೆಲ್ಲ ಮಾತು ನಾನೆಲ್ಲಿ ತುರುಕ್ಲಿ, ನನ್ನ ತಲೆ ಮೇಲಾ?"

"ಆ ಗುಂಪಲ್ಲಿರೋರ ಮುಖ ಯಾರು ನೋಡ್ತಾರೆ? ಮುಚ್ಚು, ಏನಾಗಲ್ಲ."

"ನಿಮ್ಮ ಮುಖ ಮುಚ್ಚಿದ್ರೆ ಗೊತ್ತಾಗತ್ತೆ."

ಹೀಗೆ ಬೈಸಿಕೊಂಡು ಬೈಸಿಕೊಂಡು ಅವನಿಗೆ ಎಲ್ಲ ಚಿತ್ರದ ಮೇಲುಗಡೆ ಒಂದಷ್ಟು ಆಕಾಶ ಖಾಲಿ ಬಿಡುವುದು ರೂಢಿಯಾಗಿಹೋಯಿತು. ಮಕ್ಕಳಾಗಲಿಲ್ಲ. ಅದರ ದುಃಖ ಇತ್ತು, ಸವೆಯಿತು. ಇಬ್ಬರೂ ಒಬ್ಬರನ್ನೊಬ್ಬರು ಕೆಣಕಿಕೊಂಡು ಸುಖವಾಗಿಯೇ ಇದ್ದರು.

ಅವಳಿಗೆ ಒಬ್ಬಳೇ ತಂಗಿ. ಆ ತಂಗಿಯ ಮದುವೆಯ ದಿನವೇ ಇವಳು ಬಾಯಿ ತಡೆಯಲಾರದೆ, ನಾಲ್ಕು ಜನರ ಎದುರಿಗೆ, "ಈ ಗಂಡ ನಿನ್ನನ್ನ ನಡುನೀರಲ್ಲಿ ಬಿಡ್ತಾನೆ ನೋಡ್ತಿರು" ಎಂದುಬಿಟ್ಟಿದ್ದಳು. ಗಂಡ ಹಾಗೆಯೇ ಮಾಡಿದ. ಅಕ್ಕ ಹೇಳಿದ್ದು ಸುಳ್ಳಾಗಿದ್ದರೆ ತಂಗಿ ಕ್ಷಮಿಸುತ್ತಿದ್ದಳೋ ಏನೋ, ನಿಜವಾದದ್ದನ್ನು ಕ್ಷಮಿಸಲಿಲ್ಲ. ಅಂದಿನಿಂದ ಮಾತಿಲ್ಲ, ಕತೆಯಿಲ್ಲ. ಅಕ್ಕ ಫೋನ್ ಮಾಡಿದರೆ ದನಿ ಕೇಳಿದ ಕೂಡಲೇ ಇಟ್ಟುಬಿಡುತ್ತಿದ್ದಳು. ಭಾವನ ಮೇಲೆ ಮಾತ್ರ ಅವಳಿಗೆ ಯಾವ ಮುನಿಸೂ ಇರಲಿಲ್ಲ.

ಉಕ್ಕುರೆಕ್ಕೆ ಎಂಬ ವೀರನನ್ನು ಕೊಲ್ಲಬೇಕೆಂದು ಸಂಪಾದಕರು ಹೇಳಿದ ಸಮಯಕ್ಕೇ ಹೆಂಡತಿಯ ಹೊಟ್ಟೆನೋವು ಹೆಚ್ಚಾಯಿತು. ಗ್ಯಾಸು ಗ್ಯಾಸು ಎಂದು ಮುಂದೂಡಿದ್ದು, ಆಸ್ಪತ್ರೆಗೆ ಹೋಗುವಷ್ಟರಲ್ಲಿ ಕ್ಯಾನ್ಸರ್ ಮೈಯೆಲ್ಲ ಹರಡಿತ್ತು. ಡಾಕ್ಟರಮ್ಮ ಇವನೊಬ್ಬನನ್ನೇ ಒಳಗೆ ಕರೆದು, ಮೇಜಿನ ಮೇಲಿದ್ದ ಪೆನ್ನನ್ನು ಅತ್ತ ಇತ್ತ ಸರಿಸುತ್ತ, ಸುತ್ತಿಬಳಸದೆ ಹೇಳಿದರು.

"ಕೈ ಮೀರಿದೆ. ಮನೆಗೆ ಕರ್ಕೊಂಡು ಹೋಗಿ, ನೋವಿಗೆ ಔಷಧಿ ಬರ್ಕೊಡ್ತೀನಿ. ನೋಡ್ಬೇಕು ಅನ್ನೋರು ಯಾರಾದ್ರೂ ಇದ್ರೆ ಈಗ್ಲೇ ಕರೆಸಿ."

"ಇದ್ರಲ್ಲಿ ಒಬ್ರೂ ಉಳ್ದೇ ಇಲ್ವಾ ಮೇಡಂ?"

"ಎಲ್ಲೋ ಅಪರೂಪಕ್ಕೆ ಒಬ್ರು. ಅದನ್ನ ನಂಬ್ಕೊಂಡು ಕೂರ್ಬೇಡಿ."

ಕೂರಬೇಡಿ ಎಂದದ್ದು ಅವನ ಕಿವಿಗೆ ಬೀಳಲೇ ಇಲ್ಲ. ಅಪರೂಪಕ್ಕೆ ಒಬ್ಬರು ಎಂದದ್ದಷ್ಟೇ ಬಿತ್ತು. ಜೀವಮಾನವೆಲ್ಲ ಬಾಗಿಲು ಬಿಟ್ಟ ಮನುಷ್ಯನಲ್ಲವೇ, ಬೇರೆಯವರು ಬಿಟ್ಟ ಬಾಗಿಲು ಕಾಣದೆ ಇರುತ್ತದೆಯೇ! ಆಸ್ಪತ್ರೆಯ ಮೆಟ್ಟಿಲಿಳಿಯುವಾಗ ಅವನಿಗೆ ಎದೆಯ ಭಾರ ಅರ್ಧ ಇಳಿದ ಹಾಗಾಯಿತು.

ಹೆಂಡತಿ ಮೂರ್ಖಳಲ್ಲ. ಅವನ ಮುಖ ನೋಡಿಯೇ ಎಲ್ಲವನ್ನೂ ತಿಳಿದುಕೊಂಡಳು. ಮುಂದಿನ ಕೋಣೆಯಲ್ಲೇ, ಅವಳ ಮೇಜು ಸರಿಸಿದ ಜಾಗದಲ್ಲಿ, ಮಂಚ ಹಾಕಿದ್ದಾಯಿತು. ಅಲ್ಲಿ ಮಲಗಿದ ಮಾರನೇ ದಿನವೇ ಅವಳು ಕೇಳಿದ್ದು ಒಂದೇ ಒಂದು.

"ಅವಳನ್ನ ಕರೆಸ್ರೀ. ನನ್ನ ದನಿ ಕೇಳಿದ್ರೆ ಇಟ್ಬಿಡ್ತಾಳೆ. ನೀವು ಹೇಳಿದ್ರೆ ಬರ್ತಾಳೆ."

"ಈಗೇನು ಅವಸರ? ನೀನು ಎದ್ದು ಓಡಾಡೋ ಹಾಗಾಗ್ಲಿ, ಇಬ್ರೂ ಹೋಗಿ ಅವಳ ಮನೆ ಬಾಗ್ಲಲ್ಲೇ ನಿಲ್ಲೋಣ."

"ನಾನು ಎದ್ದು ಓಡಾಡ್ತೀನಾ?"

"ಯಾಕಿಲ್ಲ?" ಎಂದು ಅವನು ಔಷಧಿಯ ಬಾಟಲಿಯ ಮುಚ್ಚಳ ತಿರುಗಿಸುತ್ತ ಮಾತು ಹಾರಿಸಿದ.

ಕೇಳಿದವರು ಕಲ್ಲು ಮನಸ್ಸಿನವನು ಎನ್ನಬಹುದು. ಅಲ್ಲ. ಅವನ ಲೆಕ್ಕಾಚಾರವೇ ಬೇರೆ. ತಂಗಿ ಬಂದು ಮಂಚದ ಪಕ್ಕ ನಿಂತಳು ಎನ್ನಿ. ಅಕ್ಕತಂಗಿಯರು ಕೈಕೈ ಹಿಡಿದು ಅತ್ತರು ಎನ್ನಿ. ಹಳೆಯದೆಲ್ಲ ತೀರಿತು, ಇನ್ನೇನು ಉಳಿಯಿತು? ಪುಟ ತುಂಬಿಹೋಯಿತಲ್ಲ! ತಾಯಿಯ ತೊಡೆಯ ಮೇಲೆ ಮಲಗಿದ್ದ ಆ ಹುಡುಗ ಅವನ ಕಣ್ಣ ಮುಂದೆ ಬರುತ್ತಿದ್ದ. ಮಂಚದ ಸುತ್ತ ಯಾರೂ ಇಲ್ಲದಿರುವವರೆಗೆ ಇವಳು ಸಾಯುವಂತಿಲ್ಲ ಎಂಬುದು ಅವನ ಮನಸ್ಸಿನಾಳದ ನಂಬಿಕೆ. ನೋಡಲು ಬರುತ್ತೇವೆಂದ ಅಕ್ಕಪಕ್ಕದವರನ್ನೂ ಕಚೇರಿಯವರನ್ನೂ ಹೊಸಿಲಿನಲ್ಲೇ ಮಾತಾಡಿಸಿ ಕಳುಹಿಸಿದ. ಇದೆಂಥ ಬುದ್ಧಿ ಎನ್ನುತ್ತೀರಾ? ಹೌದು, ಬುದ್ಧಿಯಲ್ಲ. ಆದರೆ ಬೇರೆ ಯಾವ ಬುದ್ಧಿಯನ್ನೂ ಅವನ ಕಸುಬು ಅವನಿಗೆ ಕಲಿಸಿರಲಿಲ್ಲ.

ಅವಳು ದಿನಾ ಕೇಳಿದಳು. ಬೆಳಿಗ್ಗೆ ಮುಖ ಒರೆಸುವಾಗ, ದಿಂಬು ಸರಿಮಾಡುವಾಗ, ಗಂಜಿಯ ಚಮಚ ಬಾಯಿಯ ಹತ್ತಿರ ಬಂದಾಗ. ಕೊನೆಗೆ ತಾಳಲಾರದೆ ಅವನು ಒಂದು ಸುಳ್ಳು ಹೇಳಿದ.

"ಮಾಡಿದ್ದೆ ಕಣೇ ಫೋನು. ರಿಂಗಾಗ್ತಾನೇ ಇತ್ತು. ಎತ್ತಲಿಲ್ಲ."

ಅವಳು ಗೋಡೆಯ ಕಡೆ ತಿರುಗಿದಳು. "ನಿಮ್ಮ ಫೋನೂ ಎತ್ತಲ್ವಾ ಈಗ?" ಎಂದು ಮೆಲ್ಲಗೆ ಅಂದಳು. ಅವನ ನಾಲಿಗೆಯ ತುದಿಯವರೆಗೆ ನಿಜ ಬಂತು. ನುಂಗಿಕೊಂಡ.

ಈ ನಡುವೆ ಉಕ್ಕುರೆಕ್ಕೆಯ ಕೊನೆಯ ಪುಟ ಮುಗಿದಿತ್ತು. ಕುಸಿದ ಸೇತುವೆ, ಹೊಗೆ, ಕಲ್ಲುರಾಶಿಯ ಕೆಳಗಿನಿಂದ ಇಣುಕುವ ಒಂದು ರೆಕ್ಕೆಯ ತುದಿ. ಬೀದಿಯಲ್ಲಿ ಒಬ್ಬರೂ ಇಲ್ಲ. ಕೊಡಿ ಇಲ್ಲಿ, ನಾನೇ ಬರೀತೀನಿ ಎಂದು ಹೆಂಡತಿ ಹಠ ಹಿಡಿದಳು. ಎದೆಯ ಮೇಲೆ ಹಲಗೆ ಇಟ್ಟುಕೊಂಡು, ಬರೆಯುವ ಕೈಯನ್ನು ಇನ್ನೊಂದು ಕೈಯಿಂದ ಹಿಡಿದು, ವೀರನ ಕೊನೆಯ ಮಾತನ್ನು ಅವನು ಬಿಟ್ಟಿದ್ದ ಆಕಾಶದಲ್ಲಿ ಬರೆದಳು. ಅಕ್ಷರ ಸ್ವಲ್ಪ ಓಲಾಡಿತು, ಅಷ್ಟೆ. ಬರೆದಾದ ಮೇಲೆ ಚಿತ್ರವನ್ನು ಬಹಳ ಹೊತ್ತು ನೋಡಿದಳು.

"ಚೆನ್ನಾಗಿ ಬಾಗ್ಲು ಬಿಟ್ಟಿದೀರ. ಇವ್ನು ಬರ್ತಾನೆ."

"ಬರ್ದೇ ಏನ್ಮಾಡ್ತಾನೆ."

"ನಂಗೆ ಬಾಗ್ಲು ಬಿಡ್ಬೇಡಿ ಕಣ್ರೀ," ಎಂದಳು. "ಇನ್ನೊಂದ್ಸಲ ಅವಳಿಗೆ ಮಾಡಿ ನೋಡಿ. ಒಂದೇ ಒಂದ್ಸಲ."

ಇವಳಿಗೆ ಎಲ್ಲವೂ ತಿಳಿದಿದೆಯೇ, ಸುಳ್ಳೂ ತಿಳಿದಿದೆಯೇ ಎಂದು ಅವನು ಅವಳ ಮುಖ ನೋಡಿದ. ಅವಳು ಆಗಲೇ ಕಣ್ಣು ಮುಚ್ಚಿದ್ದಳು. ಆಗಲಿ, ನಾಳೆ ಮಾಡುತ್ತೇನೆ ಎಂದ. ಮಾರನೇ ದಿನ ಅವಳು ಸ್ವಲ್ಪ ಗೆಲುವಾಗಿದ್ದಳು, ಗಂಜಿ ಪೂರ್ತಿ ಕುಡಿದಳು. ನೋಡಿದೆಯಾ, ಬಾಗಿಲು ತೆರೆಯುತ್ತಿದೆ, ಈಗ ಹೋಗಿ ಮುಚ್ಚುವುದುಂಟೇ ಎಂದುಕೊಂಡು ಅವನು ಫೋನನ್ನು ಮುಟ್ಟಲಿಲ್ಲ.

ಅದಾಗಿ ಎರಡು ದಿನಕ್ಕೆ, ಮಟಮಟ ಮಧ್ಯಾಹ್ನ, ಅವನು ಒಳಗೆ ನಲ್ಲಿಯ ಕೆಳಗೆ ಬಟ್ಟೆ ಹಿಂಡುತ್ತಿದ್ದಾಗ ಅವಳು ಹೋಗಿಬಿಟ್ಟಳು. ಒದ್ದೆ ಬಟ್ಟೆ ಹಿಡಿದು ಬಂದಾಗ ಕೋಣೆ ಅವನು ಬಯಸಿದ ಹಾಗೆಯೇ ಇತ್ತು. ಮಂಚದ ಸುತ್ತ ಒಬ್ಬರೂ ಇರಲಿಲ್ಲ. ಅವನೂ ಇರಲಿಲ್ಲ. ಅವಳ ಕಣ್ಣು ಬೀದಿಯ ಕಡೆಯ ಬಾಗಿಲನ್ನು ನೋಡುತ್ತಿತ್ತು. ಅವನು ಅಲ್ಲೇ ನೆಲದ ಮೇಲೆ ಕೂತು, ಬಟ್ಟೆಯಿಂದ ನೀರು ತೊಟ್ಟಿಕ್ಕುತ್ತಿರುವಂತೆಯೇ, ಅವಳು ಏಳುತ್ತಾಳೆಂದು ಕಾದ. ನಿಜವಾಗಿ ಕಾದ. ಕಿಟಕಿಯ ಬಿಸಿಲು ಅವಳ ಕಾಲಿನಿಂದ ಗೋಡೆಗೆ ಸರಿಯುವವರೆಗೆ ಕಾದ.

ಆಮೇಲೆ ನಾದಿನಿಗೆ ಫೋನ್ ಮಾಡಿದ. ಮೊದಲ ರಿಂಗಿಗೇ ಎತ್ತಿದಳು.

"ಹೇಳಿ ಭಾವ! ಎಷ್ಟು ವರ್ಷ ಆಯ್ತು! ಅಕ್ಕ ಹೇಗಿದಾಳೆ?"

ಅವಳು ಉಟ್ಟಬಟ್ಟೆಯಲ್ಲೇ ಓಡಿ ಬಂದಳು. ಅಕ್ಕನ ಮುಖ ಸವರಿದಳು, ಹಣೆಗೆ ಹಣೆ ಹಚ್ಚಿದಳು, ಬೈದಳು, ಅತ್ತಳು. ಎಲ್ಲ ಮುಗಿದು ಮನೆ ಖಾಲಿಯಾದ ಮೇಲೆ ಮೇಜುಗಳ ನಡುವೆ ನಿಂತು ಕೇಳಿದಳು.

"ಅಕ್ಕ ನನ್ನನ್ನ ಕೇಳಿದ್ಲಾ?"

"ದಿನಾ ಕೇಳಿದ್ಲು."

"ಮತ್ತೆ?"

ಅವನು ಹೇಳುವುದಕ್ಕೆ ನೋಡಿದ. ಸುತ್ತ ಜನ ನಿಂತರೆ ಮುಗಿದೇ ಹೋಗುತ್ತದೆಂದು, ಯಾರನ್ನೂ ನಿಲ್ಲಿಸದಿದ್ದರೆ ಬಾಗಿಲು ಇರುತ್ತದೆಂದು. ಬಾಯಿಂದ ಹೊರಗೆ ಬಂದ ಮೇಲೆ ಆ ಮಾತು ಅವನಿಗೇ ಹುಚ್ಚರ ಮಾತಿನಂತೆ ಕೇಳಿಸಿತು.

"ಭಾವ, ಅದು ಕಾಗದದ ಮೇಲಿನ ಸಾವು," ಎಂದಳು ನಾದಿನಿ. ಆಮೇಲೆ ಏನೋ ಹೊಳೆದು, ದನಿ ಇಳಿಸಿ, "ನಾನೇ ಬರ್ಲಿಲ್ಲ ಅಂತ ತಿಳ್ಕೊಂಡು ಹೋದ್ಲಾ ಅವಳು?" ಎಂದಳು.

ಅವನು ಹೌದೆಂದು ತಲೆಯಾಡಿಸಿದ. ಅವಳು ಅವನನ್ನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಚಪ್ಪಲಿ ಮೆಟ್ಟಿ ಹೋದವಳು ಮತ್ತೆ ಅವನ ಫೋನನ್ನು ಎತ್ತಲಿಲ್ಲ. ಹೇಳಿದ ಸುಳ್ಳು ಕೊನೆಗೂ ನಿಜವಾಯಿತು.

ಕೆಲವು ತಿಂಗಳು ಕಳೆದವು. ಮಾರಾಟ ಮತ್ತೆ ಬಿತ್ತು. "ಉಕ್ಕುರೆಕ್ಕೆನ ಎಬ್ಬಿಸ್ಬೇಕು ಕೊಲೆಗಾರಣ್ಣ, ನೀನೇ ಬಿಟ್ಟ ಬಾಗ್ಲು, ನೀನೇ ತೆಗಿ," ಎಂದರು ಸಂಪಾದಕರು. ಅವನು ಬರೆದ. ಸೇತುವೆಯ ಕಲ್ಲುಗಳು ಸಿಡಿದು ವೀರ ಮೇಲೇಳುತ್ತಾನೆ, ಊರಿಗೆ ಊರೇ ಬೀದಿಯಲ್ಲಿ ನೆರೆದಿದೆ. ಆ ಗುಂಪಿನ ಬಲಮೂಲೆಯಲ್ಲಿ ಅವನು ಇಬ್ಬರು ಹೆಂಗಸರನ್ನು ಬರೆದ. ಒಬ್ಬಳು ಓಡಿ ಬಂದಿದ್ದಾಳೆ, ಇನ್ನೊಬ್ಬಳು ಕೈ ಚಾಚಿದ್ದಾಳೆ. ಇಬ್ಬರ ಮುಖಕ್ಕೂ ವೀರನ ಮುಖಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. ಹರಿದ, ಮತ್ತೆ ಬರೆದ. ಕೊನೆಗೆ ಹೆಂಡತಿಯ ನಗು ಕುಂಚಕ್ಕೆ ಸಿಕ್ಕಿತು. ಅಚ್ಚಾದ ಮೇಲೆ ಒಂದು ಪ್ರತಿಯನ್ನು ನಾದಿನಿಗೆ ಕಳುಹಿಸಬೇಕೆಂದುಕೊಂಡ. ಕ್ಷಮಿಸು ಎಂದು ಕೇಳುವುದಕ್ಕಲ್ಲ. ಸುಮ್ಮನೆ ನೋಡಲಿ ಎಂದು.

ಪುಸ್ತಕ ಬಂತು. ಕಚೇರಿಯಲ್ಲಿ ಎಲ್ಲರೂ ಬೆನ್ನು ತಟ್ಟುತ್ತಿದ್ದರು. ಅವನು ಗೋಡೆಗೆ ಒರಗಿ ಆ ಪುಟ ತೆರೆದ. ಮಾತಿನ ಗುಳ್ಳೆಗಳನ್ನು ಈಗ ಕಚೇರಿಯಲ್ಲೇ ಕಂಪ್ಯೂಟರಿನಲ್ಲಿ ಕೂರಿಸುತ್ತಿದ್ದರು. "ಸಾವು ನನ್ನನ್ನು ತಡೆಯಲಾರದು!" ಎಂದು ವೀರ ಗರ್ಜಿಸಿದ್ದ ದೊಡ್ಡ ಬಿಳಿ ಗುಳ್ಳೆ ಬಲಮೂಲೆಯಲ್ಲಿ, ಆ ಇಬ್ಬರು ಹೆಂಗಸರ ಮೇಲೆ ಕೂತಿತ್ತು. ಅದರ ಕೆಳಗೆ ನಾಲ್ಕು ಪಾದಗಳಷ್ಟೇ ಕಾಣುತ್ತಿದ್ದವು. ಮೇಲೆ ಅವನು ರೂಢಿಯಂತೆ ಬಿಟ್ಟಿದ್ದ ಆಕಾಶವೆಲ್ಲ ಹಾಗೆಯೇ ಖಾಲಿ ಬಿದ್ದಿತ್ತು.

"ಏನು ನೋಡ್ತಿದೀಯಾ?" ಎಂದು ಸಂಪಾದಕರು ಬಂದರು. "ಮುಂದಿನ ಸಂಚಿಕೆಗೆ ಆ ಗೋಡೆ ತೂರೋಳನ್ನ ಮತ್ತೆ ಮುಗಿಸ್ಬೇಕು. ಬಾಗ್ಲು ಮರೀಬೇಡ."

ಅವನು ಆಗಲಿ ಎಂದ. ಪುಸ್ತಕವನ್ನು ಮೇಜಿನ ಖಾನೆಗೆ ಹಾಕಿ, ಪೆನ್ಸಿಲ್ ಹರಿತ ಮಾಡಲು ಕೂತ.